ಮಂಜಿನ ಚಿತ್ರದಲ್ಲಿ ಇಲ್ಲದವರು

ಕಡೂರು, ಅಜ್ಜಂಪುರ, ತರೀಕೆರೆ ಈ ಮೂರು ಊರುಗಳ ನಡುವೆ ಓಡಾಡಿಕೊಂಡು ಪಾಠ ಹೇಳುವ ನನಗೆ ಚಳಿಗಾಲವೆಂಬುದು ಎಂದೂ ಒಂದೇ ಋತುವಾಗಿ ತೋರಿದ್ದಿಲ್ಲ. ಧನುರ್ಮಾಸದ ಬೆಳಗ್ಗೆ ಕಡೂರಿನದು ಒಣಚಳಿ. ತುಟಿ ಒಡೆಯುತ್ತದೆ, ಆಕಾಶ ಮಾತ್ರ ತೊಳೆದಿಟ್ಟಂತೆ ನಿಚ್ಚಳ. ಅದೇ ಹೊತ್ತಿಗೆ ತರೀಕೆರೆಯ ಆಚೆ, ಲಕ್ಕವಳ್ಳಿಯಲ್ಲಿ, ಭದ್ರೆಯ ಹಿನ್ನೀರಿನ ಮೇಲೆ ಮಂಜು ಹಾಸಿಕೊಂಡು ಎದುರಿನ ಗುಡ್ಡ ಇದೆಯೋ ಇಲ್ಲವೋ ತಿಳಿಯದಂತಿರುತ್ತದೆ. ಕ್ಯಾಮರಾ ಉಳ್ಳವರು ಎರಡನೆಯದರ ಕಡೆಗೇ ಓಡುವುದು ಸಹಜ. ಈಗಂತೂ ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾ. ಪುಷ್ಯಮಾಸ ಬಂತೆಂದರೆ ನನ್ನ ವಿದ್ಯಾರ್ಥಿಗಳ ಮೊಬೈಲುಗಳಲ್ಲಿ ಭದ್ರಾ ಅಭಯಾರಣ್ಯದ ಮಂಜು ತುಂಬಿರುತ್ತದೆ.

ಆ ಚಿತ್ರಗಳಲ್ಲೆಲ್ಲ ಮತ್ತೆ ಮತ್ತೆ ಬರುವುದೊಂದಿದೆ. ಕೆಳಗೆ ಬಿಳಿಯ ನೀರು, ಮೇಲೆ ಬಿಳಿಯ ಬಾನು, ನಡುವೆ ನೀರಿನಲ್ಲಿಯೇ ನಿಂತ ಬೋಳು ಮರಗಳು. ಒಂದರ ತುದಿಯಲ್ಲಿ ರೆಕ್ಕೆ ಒಣಗಿಸಿಕೊಳ್ಳುವ ನೀರುಕಾಗೆ. ಸೊಗಸಾದ ಚಿತ್ರವೇ, ಒಪ್ಪದಿರುವುದಕ್ಕೆ ನಾನೇನೂ ಅರಸಿಕನಲ್ಲ. ಅಂಥದೊಂದನ್ನು ನನಗೆ ತೋರಿಸಿದ ಹುಡುಗ ಕೆಳಗೆ ‘ಮನುಷ್ಯ ಮುಟ್ಟದ ನಿಸರ್ಗ’ ಎಂದು ಬರೆದಿದ್ದ. ನನ್ನ ಪ್ರಶ್ನೆ ಹುಟ್ಟಿದ್ದು ಆ ಮೂರು ಶಬ್ದಗಳಿಂದ.

ಆ ಮರಗಳು ಬೋಳಾದದ್ದು ಚಳಿಗಾಲಕ್ಕಲ್ಲ. 1960ರ ದಶಕದಲ್ಲಿ ಅಣೆಕಟ್ಟಿನ ಕೆಲಸ ಮುಗಿದು ನೀರು ನಿಂತಿತು. ಕಾಡು ನಿಂತಲ್ಲಿಯೇ ಮುಳುಗಿತು. ಕಾಡಿನ ಜೊತೆಗೆ ಊರುಗಳೂ ಮುಳುಗಿದವು. ಜಲಾಶಯದ ಪೂರ್ಣಮಟ್ಟ 186 ಅಡಿ. ಕಾಲುವೆಗಳಿಗೆ ನೀರು ಹರಿದು ಮಟ್ಟ ಇಳಿದಂತೆಲ್ಲ ಮರಗಳ ಅಸ್ಥಿಗಳು ಒಂದೊಂದಾಗಿ ಮೇಲೆ ಬರುತ್ತವೆ. ಆ ನೀರನ್ನು ಕುಡಿದು ಬೆಳೆಯುವುದು ದಾವಣಗೆರೆಯ ಭತ್ತ. ಅನ್ನ ಉಂಡು ಅಣೆಕಟ್ಟನ್ನು ಬೈಯುವ ಚಪಲ ನನಗಿಲ್ಲ. ಆದರೆ ಮನುಷ್ಯ ಇದಕ್ಕಿಂತ ಹೆಚ್ಚಾಗಿ ಮುಟ್ಟಿದ ನೋಟ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು.

ಹಾಗೆಯೇ ಇನ್ನೊಂದು ಚಿತ್ರ: ಕಾಡಿನ ನಡುವೆ ತೆರೆದ ಹುಲ್ಲುಬಯಲು, ಇಬ್ಬನಿಯಲ್ಲಿ ಮೇಯುವ ಚುಕ್ಕಿಜಿಂಕೆಗಳು. ಆ ಬಯಲುಗಳಲ್ಲಿ ಕೆಲವು ಒಂದು ಕಾಲಕ್ಕೆ ಗದ್ದೆಗಳಾಗಿದ್ದುವು. 1974ರಲ್ಲಿ ಅಭಯಾರಣ್ಯವಾದ ಭದ್ರಾ 1998ರಲ್ಲಿ ಹುಲಿಯೋಜನೆಗೆ ಸೇರಿತು. ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಹೊರಗೆ ಬಂದವು; ಬಹುಪಾಲು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ದೇಶದಲ್ಲಿ ನಡೆದ ಇಂಥ ಸ್ಥಳಾಂತರಗಳಲ್ಲಿ ಇದು ನೆಟ್ಟಗೆ ನಡೆದದ್ದೆಂದು ಹೆಸರಾಗಿದೆ, ಆ ಹೆಸರು ಸುಳ್ಳಲ್ಲ. ಆನೆ ಬೆಳೆ ತಿನ್ನುವುದು, ಮಕ್ಕಳಿಗೆ ಶಾಲೆ ದೂರ, ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ತರಬೇಕಾದದ್ದು ಇವನ್ನೆಲ್ಲ ಅನುಭವಿಸಿದವರು ತಾವೇ ಒಪ್ಪಿ ಬಂದರು.

ಅಲ್ಲಿಯ ಒಂದು ಮನೆಯಲ್ಲಿ ಮೊಮ್ಮಗ ಅಂಥದೊಂದು ಚಿತ್ರವನ್ನು ಅಜ್ಜನಿಗೆ ತೋರಿಸಿದಾಗ ನಾನೂ ಕುಳಿತಿದ್ದೆ. ಮುದುಕರು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ. ಎಡಗಡೆಯ ಅಂಚಿನ ಮೇಲೆ ಬೆರಳಿಟ್ಟು, “ಇಲ್ಲೊಂದು ಹಲಸಿನ ಮರ ಇರಬೇಕಲ್ಲೋ ಮಗ, ಅದನ್ನ ಯಾಕೆ ಬಿಟ್ಟೆ?” ಎಂದರು. ಹುಡುಗ, “ಅದು ಫ್ರೇಮಿಗೆ ಬರಲಿಲ್ಲ ಅಜ್ಜ” ಎಂದ. ಮುದುಕರು ನನ್ನ ಕಡೆ ತಿರುಗಿ, “ಆ ಮರದ ಬುಡದಲ್ಲೇ ನಮ್ಮ ಕಣ ಇದ್ದದ್ದು ಮೇಷ್ಟ್ರೆ” ಎಂದು ಹೇಳಿ ಎಲೆಅಡಕೆ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದರು. ದೂರಿನ ಧ್ವನಿಯೇನೂ ಅದರಲ್ಲಿ ಇರಲಿಲ್ಲ.

ಕವಿಯೂ ಇದನ್ನೇ ಮಾಡುತ್ತಾನಲ್ಲ ಎಂದು ಸಾಹಿತ್ಯದ ಪಾಠ ಹೇಳುವವರು ಕೇಳಬಹುದು. ಬೇಡದ್ದನ್ನು ಬಿಡುವುದೇ ಕಲೆಯಲ್ಲವೆ? ಭಟ್ಟನಾಯಕನು ಸಾಧಾರಣೀಕರಣವೆಂದದ್ದು ಇದನ್ನೇ. ಕಾವ್ಯದ ವನಕ್ಕೆ ಊರಿನ, ಒಡೆಯನ, ಕಾಲದ ನಂಟು ಕಳಚಿದಾಗಲೇ ರಸಾಸ್ವಾದ. ಆ ವಾದ ಕಾವ್ಯಕ್ಕೆ ಸರಿ. ಕವಿಯ ಕಾಡಿನಲ್ಲಿ ಯಾರ ಕಣವೂ ಇರಲಿಲ್ಲ. ಅದು ಅವನ ಮನಸ್ಸಿನಲ್ಲಿ ಬೆಳೆದದ್ದು. ಛಾಯಾಚಿತ್ರದ ಹಣೆಬರಹವೇ ಬೇರೆ. ಇಂಥ ದಿನ, ಇಂಥ ಮರದ ಮೇಲೆ ಬಿದ್ದ ಬೆಳಕೇ ಅದರೊಳಗೆ ಬಂದಿರುವುದು. ‘ಇದು ಇತ್ತು, ನಾನು ಕಂಡೆ’ ಎಂಬುದೇ ಅದರ ಬಲ. ನಾವು ಅದನ್ನು ನಂಬುವುದೂ ಅದಕ್ಕೇ. ಸಾಕ್ಷಿಯ ಗೌರವ ಬೇಕು, ಸಾಕ್ಷಿಯ ಹೊಣೆ ಬೇಡ ಎಂದರೆ ಹೇಗೆ?

ಛಾಯಾಚಿತ್ರಸ್ಪರ್ಧೆಗಳ ನಿಸರ್ಗ ವಿಭಾಗಕ್ಕೆ ಅಂತರರಾಷ್ಟ್ರೀಯ ಸಂಘಗಳು ಒಪ್ಪಿಕೊಂಡ ನಿಯಮವೊಂದಿದೆ: ನಿಸರ್ಗದ ಕಥೆಗೆ ಅವಶ್ಯವಾದ ಹೊರತು ಚಿತ್ರದಲ್ಲಿ ಮನುಷ್ಯನ ಗುರುತು ಇರಕೂಡದು. ಸಾಕಿದ ಪ್ರಾಣಿಯನ್ನು ಕಾಡುಪ್ರಾಣಿಯೆಂದು ತೋರಿಸುವಂಥ ಮೋಸಕ್ಕೆ ಇದು ತಡೆ, ಒಳ್ಳೆಯದೇ. ಆದರೆ ತಮಾಷೆ ನೋಡಿ: ಒಂದು ತಂತಿಬೇಲಿ ಕಂಡರೆ ಚಿತ್ರ ಹೊರಕ್ಕೆ, ಮನುಷ್ಯನೇ ಮುಳುಗಿಸಿದ ಇಡೀ ಕಾಡು, ಅವನ ಕೈ ಕಾಣದಿದ್ದರೆ, ಒಳಕ್ಕೆ.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹಿಮವನ್ನು ಆನ್ಸೆಲ್ ಆಡಮ್ಸ್ ತೆಗೆದ ಚಿತ್ರಗಳು ಲೋಕಪ್ರಸಿದ್ಧ. ನಿರ್ಜನತೆಯೇ ಅವುಗಳ ಗಾಂಭೀರ್ಯ. ಆ ಕಣಿವೆಯ ಮೂಲನಿವಾಸಿಗಳ ಮೇಲೆ 1851ರಲ್ಲಿ ದಂಡು ಹೋಗಿತ್ತೆಂಬುದು ಹಿಮದಲ್ಲಿ ಕಾಣದು. ಎಂ.ಸಿ. ಹಳ್ಳಿಯ ಸಂಗತಿ ಅದಲ್ಲ; ಇಲ್ಲಿ ದಂಡು ಬರಲಿಲ್ಲ, ಜಮೀನು ಬಂತು. ಆದರೂ ನೋಡುವವನ ಕಣ್ಣಿಗೆ ಎರಡು ಕಡೆಯೂ ಉಳಿಯುವುದು ಒಂದೇ ಬಿಳುಪು.

ಇತ್ತ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ನೋಡಿ. 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ಚಳಿಗಾಲದಲ್ಲಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ಕೃಷ್ಣಮೃಗಗಳು, ಅದೇ ಹುಲ್ಲಿನಲ್ಲಿ ದನ, ದನದ ಹಿಂದೊಬ್ಬ ಕಂಬಳಿ ಹೊದ್ದವ. ಅಲ್ಲಿಗೆ ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಹೋಗುವುದಿಲ್ಲ. ಮಂಜಿಲ್ಲ, ಮರವಿಲ್ಲ, ಮನುಷ್ಯ ಅಡ್ಡ ಬರುತ್ತಾನೆ! ಹೋದ ಒಬ್ಬ, ಕಂಬಳಿಯವನು ದಾಟಿಹೋಗಲೆಂದು ಅರ್ಧ ಗಂಟೆ ಕಾದನಂತೆ.

ನಾನು ಕೇಳುವುದು ದೊಡ್ಡದೇನಲ್ಲ. ಮಂಜನ್ನು ತೆಗೆಯಬೇಡಿ ಎನ್ನುತ್ತಿಲ್ಲ. ಪ್ರತಿ ಚಿತ್ರದಲ್ಲೂ ಒಬ್ಬ ರೈತನನ್ನು ನಿಲ್ಲಿಸಿ ಎಂದಂತೂ ಅಲ್ಲವೇ ಅಲ್ಲ. ಕೆಳಗೆ ಬರೆಯುವ ಒಂದು ಸಾಲಾದರೂ ನಿಜವಿರಲಿ. ತರೀಕೆರೆ ತಾಲ್ಲೂಕಿನಲ್ಲಿಯೇ ಕೆಮ್ಮಣ್ಣುಗುಂಡಿ ಇದೆ. ಭದ್ರಾವತಿಯ ಕಾರ್ಖಾನೆಗೆ ಅದಿರು ತೆಗೆದ ಬೆಟ್ಟ. ಮಂಜು ಎಷ್ಟೇ ಕವಿದರೂ ಅಗೆದ ಕೆಂಪು ಮಣ್ಣಿನ ನೆನಪನ್ನು ಹೆಸರು ಬಿಟ್ಟುಕೊಟ್ಟಿಲ್ಲ.

ಹೀಗೆ ಬರೆದರೆ ಚಿತ್ರದ ಸೊಗಸು ಕೆಡುತ್ತದೆಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಹುಡುಗನ ಚಿತ್ರದ ಕೆಳಗಿನ ಮಾತನ್ನು ಅಳಿಸಿ, ‘ಭದ್ರಾ ಹಿನ್ನೀರು, ಲಕ್ಕವಳ್ಳಿ; ಮುಳುಗಿದ ಕಾಡಿನ ಮರಗಳು’ ಎಂದು ಬರೆಸಿ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಕೆಟ್ಟಿತೆಂದು ಹೇಳಲಿಲ್ಲ, ಆ ಮರಗಳು ಯಾವ ಜಾತಿಯವೆಂದು ಕೇಳಿದರು.