ದಿಗ್ವ್ರತವೂ ಮುಪ್ಪಿನ ಪರದೇಶವಾಸವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವು ಇಂದು ಹೆಚ್ಚು ಚರ್ಚೆಗೆ ಬಾರದ ವ್ರತ. ಅಹಿಂಸೆ, ಅಪರಿಗ್ರಹಗಳನ್ನು ಕುರಿತು ಪ್ರವಚನಗಳು ನಡೆಯುತ್ತವೆ. ರಾತ್ರಿಭೋಜನ ತ್ಯಾಗದ ವಿಷಯ ಮನೆಮನೆಯಲ್ಲಿಯೂ ಮಾತಾಗುತ್ತದೆ. ಆದರೆ ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಹೋಗುವೆನು, ಎಲ್ಲಿಂದಾಚೆಗೆ ಹೋಗಲಾರೆನು ಎಂದು ಗೃಹಸ್ಥನು ಜೀವನಪರ್ಯಂತ ಗಡಿ ಹಾಕಿಕೊಳ್ಳುವ ಈ ನಿಯಮವು, ಮಗನು ಅಮೆರಿಕದಲ್ಲಿಯೂ ಮಗಳು ಲಂಡನ್ನಿನಲ್ಲಿಯೂ ಇರುವ ಕಾಲದಲ್ಲಿ, ಎಂದೋ ಹಡಗಿನ ವರ್ತಕರಿಗೆ ಹೇಳಿದ ಮಾತೆಂದು ತೋರುವುದು ಸಹಜ. ಹಾಗೆ ತೋರುವುದರಿಂದಲೇ ಅದು ಬೇಕಾದ ಹೊತ್ತಿನಲ್ಲಿ ಕೈಗೆ ಸಿಗದೆ ಹೋಗಿದೆ. ಮುಪ್ಪಿನಲ್ಲಿ ಮಕ್ಕಳ ಬಳಿಗೆ ಪರದೇಶಕ್ಕೆ ಹೋಗಿ ದೀರ್ಘಕಾಲ ನಿಲ್ಲುವ, ಅಥವಾ ಅಲ್ಲಿಯೇ ಉಳಿದುಬಿಡುವ ಯೋಚನೆಯಲ್ಲಿರುವ ತಂದೆತಾಯಿಗಳಿಗೆ ಇದರಷ್ಟು ಉಪಯೋಗಕ್ಕೆ ಬರುವ ವ್ರತ ಮತ್ತೊಂದಿಲ್ಲ.

ದಿಗ್ವ್ರತವು ಪ್ರಯಾಣವನ್ನು ನಿಷೇಧಿಸುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಸಮುದ್ರ, ನದಿ, ಅಡವಿ, ಬೆಟ್ಟ, ಜನಪದ, ಯೋಜನ ಇವುಗಳಲ್ಲಿ ಎಲ್ಲರಿಗೂ ತಿಳಿದಿರುವ ಯಾವುದಾದರೊಂದನ್ನು ಎಲ್ಲೆಯಾಗಿ ಇಟ್ಟುಕೊಳ್ಳಬೇಕೆಂದು ವಿಧಿಸುತ್ತಾರೆ. ಎಲ್ಲೆಯು ಹತ್ತಿರವಿರಬೇಕೆಂಬುದು ಅಲ್ಲಿನ ಆಗ್ರಹವಲ್ಲ. ಅದು ಗುರುತಿಸುವಂತಿರಬೇಕು, ಮೊದಲೇ ನಿಶ್ಚಯವಾಗಿರಬೇಕು ಎಂಬುದು ಆಗ್ರಹ. ಇದರ ಜೊತೆಯ ದೇಶವ್ರತವು ಇನ್ನೂ ಸೂಕ್ಷ್ಮವಾದುದು. ಉಮಾಸ್ವಾಮಿಗಳು ಅದನ್ನು ಗುಣವ್ರತಗಳ ಸಾಲಿನಲ್ಲಿ ಹೇಳಿದರೆ, ಸಮಂತಭದ್ರರು ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳಲ್ಲಿ ಎಣಿಸುತ್ತಾರೆ. ಇಲ್ಲಿ ಜಾಗಕ್ಕೆ ಮಾತ್ರವಲ್ಲ, ಕಾಲಕ್ಕೂ ಮಿತಿಯಿದೆ: ಒಂದು ವರ್ಷ, ಒಂದು ಅಯನ, ಒಂದು ಋತು, ನಾಲ್ಕು ತಿಂಗಳು, ಒಂದು ಪಕ್ಷ. ಇಷ್ಟು ಕಾಲ ಇಷ್ಟರೊಳಗೆ ಇರುವೆನೆಂಬುದು ಅದರ ಸ್ವರೂಪ.

ಈ ವ್ರತಕ್ಕೆ ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯ ಎರಡು ವಿಶೇಷವಾಗಿ ವಿಚಾರಾರ್ಹ. ಒಂದು ಕ್ಷೇತ್ರವೃದ್ಧಿ, ಅಂದರೆ ಹಾಕಿಕೊಂಡ ಗಡಿಯನ್ನು ಸ್ವಲ್ಪಸ್ವಲ್ಪವಾಗಿ ಹಿಗ್ಗಿಸಿಕೊಳ್ಳುವುದು. ಇನ್ನೊಂದು ಸ್ಮೃತ್ಯಂತರಾಧಾನ, ಗಡಿಯು ಎಲ್ಲಿತ್ತೆಂಬುದನ್ನೇ ಮರೆತುಬಿಡುವುದು. ಮುಪ್ಪಿನ ಪರದೇಶವಾಸವು ಹದಗೆಡುವುದು ಬಹುಮಟ್ಟಿಗೆ ಈ ಎರಡು ದಾರಿಗಳಲ್ಲಿಯೇ. ಹಾಸನದ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯರನ್ನೂ ಅವರ ಪತ್ನಿಯನ್ನೂ ಕಲ್ಪಿಸಿಕೊಳ್ಳಬಹುದು. ಸೊಸೆಯ ಹೆರಿಗೆಗೆಂದು ಆರು ತಿಂಗಳಿಗೆ ಹೊರಡುತ್ತಾರೆ. ಮಗು ಸ್ವಲ್ಪ ದೊಡ್ಡದಾಗಲಿ ಎಂದು ಇನ್ನೊಮ್ಮೆ ಹೋಗುತ್ತಾರೆ. "ಅಪ್ಪಾಜಿ, ಇಬ್ಬರೇ ಅಲ್ಲಿ ಯಾಕಿರುತ್ತೀರಿ? ಇಲ್ಲಿಗೇ ಬಂದುಬಿಡಿ" ಎಂದು ಮಗನು ಪ್ರೀತಿಯಿಂದಲೇ ಕರೆಯುತ್ತಾನೆ. ಮನೆಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮನೆಗೆ ಗೆದ್ದಲು ಹತ್ತಿತೆಂದು ಅದನ್ನು ಮಾರಲಾಗುತ್ತದೆ. ಯಾವ ದಿನವೂ ಯಾರೂ ಅವರನ್ನು ಬಲವಂತ ಮಾಡಲಿಲ್ಲ. ಆದರೆ ಇನ್ನು ಅಲ್ಲಿಯೇ ಇರುವುದೆಂದು ಅವರು ಯಾವ ದಿನವೂ ನಿಶ್ಚಯಿಸಿರಲೂ ಇಲ್ಲ. ತಾನೇ ಹಾಕಿಕೊಂಡ ಗಡಿಯೊಳಗೆ ಇರುವವನು ವ್ರತಸ್ಥ. ಕಾಯಿಲೆಯೋ ಕಾನೂನೋ ಕೈಯಲ್ಲಿ ಹಣವಿಲ್ಲದಿರುವುದೋ ಹಾಕಿದ ಗಡಿಯೊಳಗೆ ಇರುವವನು ಬಂದಿ. ಎರಡೂ ಮನೆಗಳು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ.

ಪರದೇಶದ ಕಾನೂನುಗಳು ಹಾಕುವ ಗಡಿಗಳನ್ನು ಹೊರಡುವ ಮೊದಲೇ ತಿಳಿದಿರುವುದು ಇದೇ ಕಾರಣದಿಂದ ಧರ್ಮದ ವಿಷಯವೂ ಆಗುತ್ತದೆ. ಅಮೆರಿಕದ ಸಂದರ್ಶಕ ವೀಸಾ ಹತ್ತು ವರ್ಷದ್ದಾಗಿರುತ್ತದೆಂಬುದನ್ನು ಹಿಡಿದು, ಹತ್ತು ವರ್ಷ ಅಲ್ಲಿರಬಹುದೆಂದು ನಂಬಿದವರಿದ್ದಾರೆ. ಆ ಹತ್ತು ವರ್ಷ ದೇಶದ ಬಾಗಿಲು ತಟ್ಟಲು ಇರುವ ಅವಧಿ. ಒಳಗೆ ಎಷ್ಟು ದಿನ ನಿಲ್ಲಬಹುದೆಂಬುದನ್ನು ವಿಮಾನ ನಿಲ್ದಾಣದಲ್ಲಿ ಅಧಿಕಾರಿಯು ನಿರ್ಧರಿಸುತ್ತಾನೆ. ಸಾಮಾನ್ಯವಾಗಿ ಅದು ಆರು ತಿಂಗಳು. ಆ ದಿನಾಂಕವನ್ನು ಮೀರಿ 180 ದಿನಕ್ಕಿಂತ ಹೆಚ್ಚು ನಿಂತು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ನಿಂತವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲವೆಂಬುದು 1996ರ ಶಾಸನದಿಂದ ಬಂದ ನಿಯಮ. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷವೆಂದರೆ ಮೊಮ್ಮಕ್ಕಳ ಬಾಲ್ಯವನ್ನೆಲ್ಲ ಕಳೆದುಕೊಂಡಂತೆ.

ಗ್ರೀನ್ ಕಾರ್ಡ್ ಪಡೆದು ಹೋಗುವವರ ಸ್ಥಿತಿ ಬೇರೆ. ಮಗನು ಅಲ್ಲಿನ ಪೌರನಾಗಿದ್ದು ಇಪ್ಪತ್ತೊಂದು ವರ್ಷ ತುಂಬಿದವನಾಗಿದ್ದರೆ, ತಂದೆತಾಯಿಗಳಿಗೆ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲದೆ ಅದು ದೊರೆಯುತ್ತದೆ. ಆದರೆ ಆ ಕಾರ್ಡು ಅಲ್ಲಿ ವಾಸ ಮಾಡುವವರಿಗೆ ಕೊಡುವಂಥದು. ಆರು ತಿಂಗಳಿಗಿಂತ ಹೆಚ್ಚು ಊರಿನಲ್ಲಿದ್ದು ಹಿಂದಿರುಗಿದರೆ ಪ್ರಶ್ನೆಗಳು ಎದುರಾಗಬಹುದು. ಮುಂಚಿತವಾಗಿ ಅನುಮತಿ ಪತ್ರ ಪಡೆಯದೆ ಒಂದು ವರ್ಷ ಮೀರಿದರೆ ಹಕ್ಕಿಗೇ ಕುತ್ತು. ಮಳೆಗಾಲ ಊರಿನಲ್ಲಿ, ಬೇಸಿಗೆ ಮಗನಲ್ಲಿ ಎಂದು ಎರಡು ದೋಣಿಗಳಲ್ಲಿ ಕಾಲಿಟ್ಟುಕೊಳ್ಳಲು ಹೊರಟವರು ಇದನ್ನು ತಿಳಿದಿರಬೇಕು. ಅರುವತ್ತೈದು ದಾಟಿದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಹ ಹೀಗೆ ಹೊಸದಾಗಿ ಬಂದವರಿಗೆ ಐದು ವರ್ಷ ಎಡೆಬಿಡದೆ ಅಲ್ಲಿ ವಾಸವಾಗಿದ್ದ ನಂತರವೇ ತೆರೆಯುವಂಥದು. ಅಲ್ಲಿ ದುಡಿದು ತೆರಿಗೆ ಕಟ್ಟಿರದವರು ಆಸ್ಪತ್ರೆಯ ಭಾಗಕ್ಕೂ ಕಂತು ಕಟ್ಟಬೇಕಾಗುತ್ತದೆ. ಸಂದರ್ಶಕರಿಗೆಂದು ಮಾರುವ ಪ್ರವಾಸ ವಿಮೆಗಳು ಮೊದಲೇ ಇದ್ದ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ, ಇಲ್ಲವೆ ಬಹಳ ಸಂಕುಚಿತವಾಗಿ ಒಪ್ಪುತ್ತವೆ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇಲ್ಲದ ಎಪ್ಪತ್ತು ವರ್ಷದವರು ಎಷ್ಟು ಮಂದಿ ಇದ್ದಾರು!

ಇಲ್ಲಿಯೇ ಸತ್ಯಾಣುವ್ರತವೂ ಅಚೌರ್ಯಾಣುವ್ರತವೂ ಪ್ರವೇಶಿಸುತ್ತವೆ. ವಿಮೆಯ ಅರ್ಜಿಯಲ್ಲಿ ಹೃದಯದ ಚಿಕಿತ್ಸೆಯನ್ನು ಮುಚ್ಚಿಡುವುದು, ಅಲ್ಲಿಯೇ ನೆಲೆಸಲು ನಿಶ್ಚಯಿಸಿಕೊಂಡು ಪ್ರವಾಸಕ್ಕೆಂದು ಹೇಳಿ ವೀಸಾ ಪಡೆಯುವುದು, ಇವು ಯಾರಿಗೂ ಹಾನಿಯಿಲ್ಲದ ಸಣ್ಣ ಜಾಣತನಗಳೆಂದು ಸಂಭಾವಿತರೂ ಭಾವಿಸುತ್ತಾರೆ. ಆದರೆ ಸತ್ಯದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ ಮಾಡುವುದು, ಸ್ಪಷ್ಟವಾಗಿ ಎಣಿಸಲ್ಪಟ್ಟಿದೆ. ಅಚೌರ್ಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ, ರಾಜ್ಯದ ನಿಯಮವನ್ನು ಮೀರಿ ನಡೆಯುವುದು, ಸೇರಿದೆ. ಕೊಟ್ಟ ಅವಧಿಗಿಂತ ಹೆಚ್ಚು ದಿನ ಒಂದು ದೇಶದಲ್ಲಿ ಉಳಿಯುವುದನ್ನು ಕಳ್ಳತನದ ಸಾಲಿನಲ್ಲಿಡುವುದು ಕಠೋರವೆನಿಸಬಹುದು. ಆದರೂ, ಕೊಡದುದನ್ನು ತೆಗೆದುಕೊಳ್ಳುವುದೆಂಬ ವ್ಯಾಖ್ಯೆಗೆ ಅದು ಹೊರತಲ್ಲ.

ಹೆಚ್ಚಿನ ವಿವೇಚನೆ ಬೇಕಾದುದು ಆಸ್ತಿಯ ವಿಷಯದಲ್ಲಿ. ಹೊರಡುವ ಹೊತ್ತಿಗೆ ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದು ಹಗುರಾಗುವುದನ್ನು ಅಪರಿಗ್ರಹವೆಂದು ಕರೆಯುವ ರೂಢಿಯುಂಟು. ಇದು ಒಪ್ಪತಕ್ಕ ಮಾತಲ್ಲ. ಗೃಹಸ್ಥನಿಗೆ ವಿಧಿಸಿರುವುದು ಪರಿಗ್ರಹದ ಪರಿಮಾಣ. ಸರ್ವಸಂಗ ಪರಿತ್ಯಾಗವು ಮುನಿಗಳದು. ಮುನಿಯು ಎಲ್ಲವನ್ನೂ ಬಿಟ್ಟ ಮೇಲೆ ಯಾರ ಮನೆಯಲ್ಲಿಯೂ ವಾಸವಿರುವುದಿಲ್ಲ, ಯಾರ ಮುಖವನ್ನೂ ನೋಡಿಕೊಂಡು ಬದುಕುವುದಿಲ್ಲ. ಮನೆಯನ್ನು ಮಗನಿಗೆ ಬರೆದುಕೊಟ್ಟು ಅವನ ಮನೆಯ ಕೋಣೆಯೊಂದರಲ್ಲಿ ಕುಳಿತ ತಂದೆಯು ಬಿಟ್ಟದ್ದು ಆಸ್ತಿಯನ್ನಲ್ಲ, ಹಿಂದಿರುಗುವ ದಾರಿಯನ್ನು. ಆ ಕೋಣೆಯಲ್ಲಿ ಆಸೆ ಕಡಿಮೆಯಾಗುವುದಕ್ಕೆ ಬದಲು ಅಂಜಿಕೆ ಬೆಳೆಯುತ್ತದೆ. ಅಂಜಿಕೆಯೂ ಕಷಾಯಕ್ಕೆ ಕಾರಣವೇ.

ಭಾರತದ ಕಾನೂನು ಈ ವಿಷಯದಲ್ಲಿ ಹಿರಿಯರಿಗೆ ಪ್ರತಿಕೂಲವಾಗಿಲ್ಲ. ಇಲ್ಲಿ ವಾಸವಾಗಿದ್ದಾಗ ಸಂಪಾದಿಸಿದ ಮನೆ, ಜಮೀನುಗಳನ್ನು ಪರದೇಶವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು. ಬ್ಯಾಂಕಿನ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಜೀವನ ಪ್ರಮಾಣಪತ್ರವನ್ನು ಪರದೇಶದಿಂದಲೂ ಸಲ್ಲಿಸುವ ವ್ಯವಸ್ಥೆಯಿದೆ. ಅಮೆರಿಕದ ಪೌರತ್ವ ಪಡೆದರೆ ಮಾತ್ರ ಭಾರತದ ಪೌರತ್ವ ಹೋಗುತ್ತದೆ. 2005ರಲ್ಲಿ ಬಂದ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡು ಬಂದುಹೋಗುವ ಅನುಕೂಲ ಕೊಡುತ್ತದೆಯೇ ಹೊರತು ಮತದಾನದ ಹಕ್ಕನ್ನಾಗಲಿ ಕೃಷಿಭೂಮಿ ಕೊಳ್ಳುವ ಹಕ್ಕನ್ನಾಗಲಿ ಕೊಡುವುದಿಲ್ಲ. ಆಸ್ತಿಯನ್ನು ದಾನಪತ್ರದ ಮೂಲಕ ಕೊಡಲೇಬೇಕೆಂದಿದ್ದರೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ವಿವೇಕ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಪ್ರಕರಣದಂತೆ, ಅಂಥ ಷರತ್ತು ಮುರಿದಾಗ ದಾನವನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೇಳಬಹುದು. ಷರತ್ತು ಬರೆಸುವುದು ಮಗನ ಮೇಲಿನ ಅಪನಂಬಿಕೆಯೆಂದು ಹಿರಿಯರು ಸಂಕೋಚಪಡುತ್ತಾರೆ. ಅದೇ ಮಗನು ಗ್ರೀನ್ ಕಾರ್ಡಿಗಾಗಿ, ತಂದೆತಾಯಿಗಳನ್ನು ಪೋಷಿಸುವೆನೆಂದು ಅಮೆರಿಕದ ಸರ್ಕಾರಕ್ಕೆ ಕಾನೂನುಬದ್ಧವಾದ ಪ್ರತಿಜ್ಞಾಪತ್ರ ಬರೆದುಕೊಡುತ್ತಾನೆ. ಅದನ್ನು ಯಾರೂ ಅಪನಂಬಿಕೆಯೆನ್ನುವುದಿಲ್ಲ.

ಮಕ್ಕಳ ಕಡೆಯಿಂದ ಗಮನಿಸಬೇಕಾದ ಅತಿಚಾರವೂ ಒಂದಿದೆ: ನ್ಯಾಸಾಪಹಾರ. ಇಟ್ಟವನು ಎಷ್ಟಿಟ್ಟೆನೆಂದು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಎಂದು ಒಪ್ಪಿಬಿಡುವುದು ಅದರ ಲಕ್ಷಣ. ಮುಖ್ತ್ಯಾರ್ ಪತ್ರ ಪಡೆದು ತಂದೆಯ ಠೇವಣಿ, ತೋಟದ ಗುತ್ತಿಗೆಗಳನ್ನು ನೋಡಿಕೊಳ್ಳುವ ಮಗನು ವರ್ಷಕ್ಕೊಮ್ಮೆ, ಅವರು ಕೇಳದಿದ್ದರೂ, ಲೆಕ್ಕ ಒಪ್ಪಿಸುತ್ತಾನೆಯೇ? ಬಹಳ ಒಳ್ಳೆಯ ಮಕ್ಕಳೂ ಇದನ್ನು ಮಾಡುವುದಿಲ್ಲ. ಮೋಸಕ್ಕಾಗಿ ಅಲ್ಲ, ಅಪ್ಪನಿಗೆ ಇನ್ನೇಕೆ ಈ ತಾಪತ್ರಯವೆಂಬ ಸದ್ಭಾವದಿಂದ. ಸದ್ಭಾವದಿಂದಲೇ ಒಬ್ಬ ಮನುಷ್ಯನು ತನ್ನ ಸ್ವಂತ ವಿಷಯದಲ್ಲಿ ಅಪ್ರಸ್ತುತನಾಗಿಬಿಡುತ್ತಾನೆ.

ನಿತ್ಯಾಚರಣೆಯ ತೊಡಕುಗಳು ಸಣ್ಣವೇ, ಆದರೆ ದಿನವೂ ಎದುರಾಗುವಂಥವು. ಶಿಕಾಗೋದಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಸಂಜೆ 4-30ರ ಒಳಗೇ ಸೂರ್ಯಾಸ್ತವಾಗುತ್ತದೆ. ಜೂನ್‌ನಲ್ಲಿ 8-30ರವರೆಗೂ ಬಿಸಿಲಿರುತ್ತದೆ. ಮಗ ಸೊಸೆಯರು ಕೆಲಸದಿಂದ ಬರುವ ಹೊತ್ತಿಗೆ ಚಳಿಗಾಲದಲ್ಲಿ ಕತ್ತಲಾಗಿ ಬಹಳ ಹೊತ್ತಾಗಿರುವುದರಿಂದ, ರಾತ್ರಿ ಉಣ್ಣದ ಅತ್ತೆಮಾವಂದಿರು ಮನೆಯವರ ಜೊತೆ ಕುಳಿತು ಊಟ ಮಾಡುವ ಸುಖವನ್ನು ತಿಂಗಳುಗಟ್ಟಲೆ ಬಿಡಬೇಕಾಗುತ್ತದೆ. ಬಸದಿಗೆ ಹೋಗಲು ಕಾರು ಬೇಕು, ಕಾರಿಗೆ ಮಗನ ಬಿಡುವು ಬೇಕು. ಮೊಮ್ಮಕ್ಕಳ ಆರೈಕೆಯು ಸಂತೋಷದ ಕೆಲಸವೇ ಆದರೂ, ಅದಕ್ಕೆಂದೇ ಕರೆಸಿಕೊಂಡರೆಂಬ ಭಾವನೆ ಒಮ್ಮೆ ಮೂಡಿದರೆ ಎರಡು ಕಡೆಯೂ ಮಾತು ಒಣಗುತ್ತದೆ. ಇವನ್ನು ಹೋಗುವ ಮೊದಲೇ ಬಾಯಿಬಿಟ್ಟು ಮಾತನಾಡಿಕೊಂಡ ಮನೆಗಳಲ್ಲಿ ಬಹುಪಾಲು ತೊಡಕು ಕರಗುತ್ತದೆ.

ಕರಗದೆ ಉಳಿಯುವುದು ಅಂತ್ಯಕಾಲದ ಪ್ರಶ್ನೆ. ದೂರದ ನಾಡಿನಲ್ಲಿ ದೇಹ ಬಿಡುವುದು ತನ್ನಷ್ಟಕ್ಕೆ ಜೈನರಿಗೆ ದೋಷವಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟವು ಪವಿತ್ರವಾದದ್ದೇ ತಮ್ಮ ನಾಡನ್ನು ಬಿಟ್ಟು ಬಂದವರಿಂದ. ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಉಜ್ಜಯಿನಿಯಿಂದ ದಕ್ಷಿಣಕ್ಕೆ ಹೊರಟ ಸಂಘದ ಸಂಗತಿಯನ್ನು ಅಲ್ಲಿನ ಸುಮಾರು ಕ್ರಿ.ಶ. 600ರ ಶಾಸನವೇ ಹೇಳುತ್ತದೆ. ಭದ್ರಬಾಹು ಮತ್ತು ಚಂದ್ರಗುಪ್ತರು ಅಲ್ಲಿ ಸಮಾಧಿ ಹೊಂದಿದರೆಂಬುದು ಪರಂಪರೆ. ಆದರೆ ಅವರು ಬಂದದ್ದು ಸಂಘದೊಡನೆ. ಸಲ್ಲೇಖನವು ಒಬ್ಬಂಟಿಯಾಗಿ ಮಾಡುವ ಕ್ರಿಯೆಯಲ್ಲ. ನಿರ್ಯಾಪಕಾಚಾರ್ಯರ ಸಾನ್ನಿಧ್ಯ, ಸಾಧರ್ಮಿಗಳ ಸೇವೆ ಅದಕ್ಕೆ ಬೇಕು. ದಿಗಂಬರ ಮುನಿಗಳು ಕಾಲ್ನಡಿಗೆಯ ವಿಹಾರದ ನಿಯಮದಿಂದ ಕಡಲಾಚೆ ಹೋಗುವುದಿಲ್ಲ. ಭಾರತದಲ್ಲಿಯೇ 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಬೇಕಾಯಿತೆಂಬುದನ್ನು ನೆನೆದರೆ, ಅನ್ನ ಬೇಡವೆನ್ನುವ ವೃದ್ಧರನ್ನು ಪರದೇಶದ ವೈದ್ಯರು ಹೇಗೆ ಕಂಡಾರೆಂಬ ಆತಂಕ ಅಸಹಜವಲ್ಲ. ಚಿಕಿತ್ಸೆ ಎಲ್ಲಿಗೆ ನಿಲ್ಲಬೇಕು, ತನಗೆ ಪ್ರಜ್ಞೆಯಿಲ್ಲದಾಗ ಯಾರು ಮಾತನಾಡಬೇಕು ಎಂಬುದನ್ನು ಮೊದಲೇ ಬರೆದಿಡಲು ಅಮೆರಿಕದ ರಾಜ್ಯಗಳಲ್ಲಿ ಕಾನೂನಿನ ಅವಕಾಶವಿದೆ. ಸಲ್ಲೇಖನದ ಭಾವನೆ ದೃಢವಾಗಿರುವವರು ಮಾತ್ರ ಹಿಂದಿರುಗುವ ಕಾಲವನ್ನು ಕಾಲುಗಳು ಗಟ್ಟಿಯಾಗಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ಹಾಸಿಗೆ ಹಿಡಿದ ಮೇಲೆ ಇಪ್ಪತ್ತು ಗಂಟೆಗಳ ಪ್ರಯಾಣ ಆಗದ ಮಾತು.

ದೇಹವನ್ನು ಊರಿಗೆ ತರಬೇಕೆಂಬ ಹಠಕ್ಕೆ ಧರ್ಮದ ಆಧಾರವಿಲ್ಲ. ಮರಣ ಪ್ರಮಾಣಪತ್ರ, ರದ್ದಾದ ಪಾಸ್‌ಪೋರ್ಟು, ದೂತಾವಾಸದ ಒಪ್ಪಿಗೆ, ಶರೀರಕ್ಕೆ ರಾಸಾಯನಿಕ ತುಂಬಿದ ದೃಢೀಕರಣ ಇವೆಲ್ಲ ಆಗುವವರೆಗೆ ದಿನಗಳು ಕಳೆಯುತ್ತವೆ. ಅಲ್ಲಿಯೇ ದಹನವಾಗಲಿ ಎಂದು ಹಿರಿಯರೇ ಹೇಳಿಟ್ಟರೆ ಮಕ್ಕಳ ಮನಸ್ಸಿನ ಭಾರ ಇಳಿಯುತ್ತದೆ.

ಇಷ್ಟೆಲ್ಲ ಯೋಜಿಸುವವರೂ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶವಿದೆ. ಇಬ್ಬರಾಗಿ ಹೋದವರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಉಳಿಯುವವರು ಬಹುಮಟ್ಟಿಗೆ ಹೆಂಡತಿ. ವೀಸಾ, ಬ್ಯಾಂಕು, ಇಂಗ್ಲಿಷು ಎಲ್ಲವನ್ನೂ ಗಂಡನೇ ನೋಡಿಕೊಂಡ ಮನೆಯಲ್ಲಿ, ಆಕೆ ಮರುದಿನದಿಂದ ಹಿಮ ಬಿದ್ದ ಕಿಟಕಿಯ ಹಿಂದೆ ಕನ್ನಡ ಮಾತನಾಡುವವರನ್ನು ಕಾಯುತ್ತ ಕೂರಬೇಕಾಗುತ್ತದೆ. ವ್ರತವನ್ನು ಪತಿಯು ಪತ್ನಿಯ ಪರವಾಗಿ ಸ್ವೀಕರಿಸಲಾಗದು; ಶ್ರಾವಿಕೆಯ ವ್ರತ ಶ್ರಾವಿಕೆಯದೇ. ಎಲ್ಲಿಯವರೆಗೆ, ಎಷ್ಟು ಕಾಲ ಎಂಬ ಪ್ರಶ್ನೆಯನ್ನು ಆಕೆಗೆ ಬೇರೆಯಾಗಿ, ಗಂಡ ಮಕ್ಕಳು ಎದುರಿಲ್ಲದಾಗ ಕೇಳಬೇಕು. ಊರಿಗೇ ಮರಳುವೆನೆಂದು ಆಕೆ ಹೇಳಿದರೆ, ಅಲ್ಲಿ ಒಂದು ಕೋಣೆಯಾದರೂ ಆಕೆಯ ಹೆಸರಿನಲ್ಲಿ ಉಳಿದಿರಬೇಕು, ಖಾತೆಯಲ್ಲಿ ವಿಮಾನದ ಹಣವಿರಬೇಕು, ಬೀಗದ ಕೈ ನಂಬಿಕೆಯ ನೆರೆಯವರ ಬಳಿ ಇರಬೇಕು.