ಕೇಳುವವರ ಮೌನ, ಹೇಳುವವರ ಮೌನ



ಜತ್ತ, ಅಕ್ಕಲಕೋಟ, ಮಂಗಳವೇಡೆಯ ಕಡೆಯ ನಮ್ಮ ಊರುಗಳಿಗೆ ಆಗಾಗ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಬರುವುದುಂಟು. ಕೆಲವರು ಸಮಾಜಕಾರ್ಯದ ಕಾಲೇಜಿನವರು, ಕೆಲವರು ವೈದ್ಯಕೀಯ ಓದುವವರು, ಇನ್ನು ಕೆಲವರು ಈಗಷ್ಟೇ ಪಿಎಚ್.ಡಿ.ಗೆ ಹೆಸರು ಹಚ್ಚಿದವರು. ಕೈಯಲ್ಲಿ ಒಂದು ಪ್ರಶ್ನೆಗಳ ಹಾಳೆ ಇರುತ್ತದೆ. "ನೀವು ಸೆರೆ ಕುಡಿಯುತ್ತೀರಾ? ವಾರಕ್ಕೆ ಎಷ್ಟು ಸಲ? ಒಂದು ಸಲಕ್ಕೆ ಎಷ್ಟು? ಬೆಳಿಗ್ಗೆ ಏಳುತ್ತಲೇ ಬೇಕೆನಿಸುತ್ತದೆಯೇ?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ಕುಡಿಯುತ್ತೇನೆ ಅಂದವನನ್ನು ಅವರು ಬೈಯುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಬರೆದುಕೊಂಡು, ಕೈಮುಗಿದು, ಮುಂದಿನ ಮನೆಗೆ ಹೋಗುತ್ತಾರೆ.

ಇದು ನಮ್ಮ ಭಕ್ತರಲ್ಲಿ ಅನೇಕರಿಗೆ ಸರಿ ಕಾಣುವುದಿಲ್ಲ. ತಪ್ಪನ್ನು ಕಂಡೂ ತಪ್ಪೆನ್ನದವನು ಆ ತಪ್ಪಿನಲ್ಲಿ ಪಾಲುದಾರನಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಮನೆಯ ಮರ್ಯಾದೆಯನ್ನು ಗುರುತಿಲ್ಲದವರ ಹಾಳೆಗೆ ಏಕೆ ಬರೆಸಬೇಕು ಎಂದು ಮನೆಯವರು ಕೇಳುತ್ತಾರೆ. ಈಗ ನಮ್ಮ ಭಕ್ತರ ಮಕ್ಕಳೂ ಇಂಥ ಅಭ್ಯಾಸದಲ್ಲಿ ತೊಡಗುತ್ತಿರುವುದರಿಂದ ಈ ಪ್ರಶ್ನೆ ನಮ್ಮ ಹೊಸ್ತಿಲೊಳಗೇ ಬಂದು ನಿಂತಿದೆ. ಆದ್ದರಿಂದ ಸ್ವಲ್ಪ ಸಾವಧಾನದಿಂದ ವಿಚಾರ ಮಾಡೋಣ.

ಮೊದಲು ಲೆಕ್ಕದ ಮಾತು. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಮಂತ್ರಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರದವರು ದೇಶದಾದ್ಯಂತ ಎರಡು ಲಕ್ಷ ಮನೆಗಳಿಗೆ ಹೋಗಿ ಸಮೀಕ್ಷೆ ಮಾಡಿದರು. ಅದರ ವರದಿ 2019ರಲ್ಲಿ ಹೊರಬಂತು. 10ರಿಂದ 75 ವರ್ಷದೊಳಗಿನ ಜನರಲ್ಲಿ ಶೇಕಡಾ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆ ಎಂದು ಅದರಲ್ಲಿದೆ. ಅವರಲ್ಲಿ 5.7 ಕೋಟಿಯಷ್ಟು ಜನರ ಕುಡಿತ ನೆರವು ಬೇಕಾಗುವ ಹಂತಕ್ಕೆ ಹೋಗಿದೆ. ಆದರೆ ಮದ್ಯಕ್ಕೆ ಪೂರ್ತಿ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ದೊರೆತಿದೆ. ಉಳಿದ 37 ಜನರ ಗತಿಯೇನು? ಅವರು ಇದ್ದಾರೆಂಬುದಾದರೂ ನಮಗೆ ತಿಳಿದದ್ದು, ಬಿಸಿಲಲ್ಲಿ ಮನೆ ಮನೆ ತಿರುಗಿ ಕೇಳಿದವರಿಂದ ಮತ್ತು ನಾಚಿಕೆ ನುಂಗಿ ನಿಜ ಹೇಳಿದವರಿಂದ.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ನಮ್ಮ ಪಂಚಾಚಾರಗಳಲ್ಲಿ ಗಣಾಚಾರವಿದೆ, ಭೃತ್ಯಾಚಾರವೂ ಇದೆ. ಅನಾಚಾರವನ್ನು ಕಂಡು ಸಹಿಸದೆ ಎದ್ದು ನಿಲ್ಲುವುದು ಗಣಾಚಾರ. ತಾನು ಎಲ್ಲರಿಗಿಂತ ಕಿರಿಯನೆಂದು ಬಗೆದು ಸೇವೆಗೆ ನಿಲ್ಲುವುದು ಭೃತ್ಯಾಚಾರ. ಹಿರಿಯರು ಕೇಳುವ ಪ್ರಶ್ನೆ ಗಣಾಚಾರದ ಪ್ರಶ್ನೆ, ಅದು ಯೋಗ್ಯವಾದದ್ದೇ. ಆದರೆ ಗಣಾಚಾರದ ಸಿಟ್ಟು ಅನಾಚಾರದ ಮೇಲೆ ಹೋಗಬೇಕು, ಅದರಲ್ಲಿ ಸಿಕ್ಕಿಬಿದ್ದ ಮನುಷ್ಯನ ಮೇಲಲ್ಲ. ಸಿಕ್ಕಿಬಿದ್ದವನ ಬಳಿಗೆ ಭೃತ್ಯಾಚಾರದಿಂದಲೇ ಹೋಗಬೇಕಾಗುತ್ತದೆ. ನಾಡಿ ಹಿಡಿದ ವೈದ್ಯ ಆ ಹೊತ್ತಿನಲ್ಲಿ ಉಪದೇಶ ಮಾಡುವುದಿಲ್ಲ. ಕೈಯಲ್ಲಿ ನಾಡಿ ಇರುವಾಗ ಬಾಯಿ ಸುಮ್ಮನಿರಬೇಕು, ಇಲ್ಲವಾದರೆ ಬಡಿತ ತಿಳಿಯದು.

ನಮ್ಮ ಶರಣರ ಗಣದಲ್ಲಿ ಹೆಂಡದ ಮಾರಯ್ಯನವರಿದ್ದರು. ಹೆಂಡ ಮಾರುವ ಕಾಯಕದವರು. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರ ಕೆಲವು ವಚನಗಳು ಉಳಿದು ಬಂದಿವೆ. ತಮ್ಮ ಕಾಯಕದ ಮಾತುಗಳಿಂದಲೇ ಅವರು ಮನುಷ್ಯನ ಒಳಗಿನ ಅಮಲನ್ನು ಬಿಡಿಸಿ ತೋರಿಸಿದರು. ಶರಣರು ಅವರನ್ನು ದೂರ ಇಡಲಿಲ್ಲ, ಅವರ ಹೆಸರಿನ ಹಿಂದಿನ ಹೆಂಡವನ್ನೂ ಅಳಿಸಲಿಲ್ಲ. ಕುಡುಕನ ಸಂಕಟ ಏನೆಂಬುದು ಮಠದ ಮೆಟ್ಟಿಲ ಮೇಲೆ ನಿಂತವನಿಗಿಂತ ಅಂಗಡಿಯ ಮುಂದೆ ನಿಂತವನಿಗೆ ಹೆಚ್ಚು ತಿಳಿಯುತ್ತದೆ. ಈ ಸಣ್ಣ ವಯಸ್ಸಿನ ಅಭ್ಯಾಸಿಗಳು ನಿಂತಿರುವುದೂ ಅಲ್ಲಿಯೇ.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಹಿಡಿದ ಮಹಾಂತ ಜೋಳಿಗೆಯನ್ನು ನಮ್ಮ ಭಕ್ತರೆಲ್ಲ ಬಲ್ಲರು. ಕಾಳು ಕಡಿ ಬೇಡದೆ, ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಪೂಜ್ಯರು ಅವರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಜೋಳಿಗೆ ಬೇಡುವುದು ಚಟವನ್ನು, ಅಭ್ಯಾಸಿಯ ಹಾಳೆ ಬೇಡುವುದು ನಿಜವನ್ನು. ಜೋಳಿಗೆಗೆ ಹಾಕುವವನು ಮೊದಲು "ನನ್ನಲ್ಲಿ ಈ ಚಟವಿದೆ" ಎಂದು ಒಪ್ಪಿಕೊಳ್ಳಲೇಬೇಕು. ಇಲ್ಲವೆಂದವನು ಏನು ಹಾಕಿಯಾನು? ಹೀಗೆ ನೋಡಿದರೆ ಎರಡೂ ಒಂದೇ ದಾರಿಯ ಹಿಂದು ಮುಂದಿನ ಹೆಜ್ಜೆಗಳು.

ಹಾಗೆಂದು ಎಲ್ಲ ಮೌನವೂ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಮೌನವನ್ನು ಅಳೆಯಲು ಒಂದೇ ಅಳತೆ ಸಾಕು: ಈ ಮೌನದಿಂದ ಯಾರಿಗೆ ಉಪಕಾರ? ನೊಂದವನು ಬಾಯಿ ಬಿಡಲು ಎಡೆ ಮಾಡಿಕೊಟ್ಟರೆ ಅದು ದಯೆ. ನೋಯಿಸುವವನಿಗೆ ಮರೆಯಾದರೆ ಅದು ಪಾಲುದಾರಿಕೆ. ಈ ಅಳತೆಯನ್ನು ಕೇಳುವವರಿಗೂ ಹಿಡಿಯೋಣ, ಹೇಳಬೇಕಾದ ನಮಗೂ ಹಿಡಿಯೋಣ.

ಮೊದಲ ಬಗೆಯ ಮೌನಕ್ಕೆ ಗೋವೆಯಲ್ಲಿ ಒಂದು ನಿದರ್ಶನವಿದೆ. ಅಲ್ಲಿಯ ಸಂಗಾತ್ ಎಂಬ ಸಂಸ್ಥೆಯವರು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಕುಡಿತದಿಂದ ಕೆಡುತ್ತಿದ್ದ ಗಂಡಸರೊಂದಿಗೆ ಮಾತಾಡಲು ಸಾಮಾನ್ಯ ಜನರನ್ನೇ ತರಬೇತಿ ಕೊಟ್ಟು ನೇಮಿಸಿದರು. ಹೆಚ್ಚೆಂದರೆ ನಾಲ್ಕು ಸಲದ ಭೇಟಿ. ಬೈಗುಳವಿಲ್ಲ, ಆಣೆ ಪ್ರಮಾಣವಿಲ್ಲ. ಅವನ ಮಾತನ್ನು ಅವನಿಂದಲೇ ಆಡಿಸಿ, ದಾರಿಯನ್ನು ಅವನಿಂದಲೇ ಹುಡುಕಿಸುವುದು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮೂರು ತಿಂಗಳ ನಂತರ, ಹೀಗೆ ಮಾತಾಡಿಸಿದವರಲ್ಲಿ ಶೇಕಡಾ 36ರಷ್ಟು ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು. ಮಾಮೂಲು ಉಪಚಾರ ಮಾತ್ರ ಪಡೆದವರಲ್ಲಿ ಅದು ಶೇಕಡಾ 26. ಇದೇನು ಪವಾಡವಲ್ಲ. ಮೂವರಲ್ಲಿ ಇಬ್ಬರು ಇನ್ನೂ ಒಳಗೇ ಉಳಿದರು. ಆದರೂ ನಿಂದೆಯಿಲ್ಲದ ನಾಲ್ಕು ಮಾತಿನಿಂದ ನೂರರಲ್ಲಿ ಹತ್ತು ಮನೆ ಹೆಚ್ಚು ಉಳಿದರೆ ಅದನ್ನು ಸಣ್ಣದೆನ್ನಲು ಬಾರದು.

ಇನ್ನು ಎರಡನೆಯ ಬಗೆಯ ಮೌನ. ಅಮೆರಿಕದಲ್ಲಿ ದಿನಕ್ಕೊಂದು ಲೋಟ ಮದ್ಯ ಹೃದಯಕ್ಕೆ ಹಿತವೇ ಎಂದು ನೋಡಲು ದೊಡ್ಡದೊಂದು ಅಧ್ಯಯನ ಆರಂಭವಾಗಿತ್ತು. ಅದಕ್ಕೆ ಬೇಕಾದ ಹಣದ ದೊಡ್ಡ ಪಾಲು ಮದ್ಯದ ಕಂಪನಿಗಳಿಂದ ಬರುವುದಿತ್ತು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೇ ವಿಚಾರಣೆ ನಡೆಸಿದಾಗ, ತನ್ನ ಅಧಿಕಾರಿಗಳೇ ಆ ಹಣವನ್ನು ಕೇಳಿ ತಂದರೆಂದೂ, ಪ್ರಯೋಜನ ಕಾಣಿಸುವ ಕಡೆಗೇ ಅಧ್ಯಯನವನ್ನು ವಾಲಿಸಿದಂತಿದೆ ಎಂದೂ ಕಂಡುಬಂತು. 2018ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಮದ್ಯ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಹೇಳಿತ್ತು. ಆದುದರಿಂದ ಈ ದಾರಿ ಹಿಡಿದ ನಮ್ಮ ಮಕ್ಕಳಿಗೆ ನಾವು ಹೇಳುವುದು ಇಷ್ಟು: ಕೆಲಸ ಸಿಕ್ಕುವುದು ಕಷ್ಟ, ಶಿಷ್ಯವೇತನ ಕಡಿಮೆ, ನಿಜ. ಆದರೂ ಅನ್ನ ಯಾರ ಕಣಜದಿಂದ ಬಂತೆಂದು ಕೇಳದೆ ಉಣ್ಣಬೇಡಿ. ಕಾಯಕದ ಶುದ್ಧಿ ಅಲ್ಲಿಂದಲೇ ಆರಂಭವಾಗುತ್ತದೆ.

ಗುಟ್ಟು ಕಾಯುವ ಮಾತೂ ಇದೆ. 1949ರ ಮದ್ಯನಿಷೇಧ ಕಾಯಿದೆಯಂತೆ ಮಹಾರಾಷ್ಟ್ರದಲ್ಲಿ ಕುಡಿಯಲು ಪರವಾನಗಿ ಬೇಕು. ಅಕ್ಕಲಕೋಟದ ಒಬ್ಬ ಕೂಲಿಕಾರ "ಹೌದು, ದಿನಾಲೂ ಕುಡಿಯುತ್ತೇನೆ" ಎಂದರೆ ಅವನು ಮರ್ಯಾದೆಯನ್ನಷ್ಟೇ ಅಲ್ಲ, ಕಾಯಿದೆಯ ಹಗ್ಗದ ತುದಿಯನ್ನೂ ಕೇಳಿದವರ ಕೈಗೆ ಕೊಟ್ಟಂತೆ. ಅದು ಒತ್ತೆಯಿಟ್ಟ ವಸ್ತು, ಬರೆದುಕೊಂಡವರ ಸ್ವಂತ ಆಸ್ತಿಯಲ್ಲ. ಸಂಶೋಧನೆಯಲ್ಲಿ ಮಾಹಿತಿ ಕೊಡುವವರ ಒಪ್ಪಿಗೆ ಪಡೆಯಬೇಕು, ಗುಟ್ಟು ಕಾಯಬೇಕು, ಬೇಡವೆಂದವರನ್ನು ಬಿಟ್ಟುಬಿಡಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯೂ ವಿಧಿಸುತ್ತದೆ.

ಆದರೆ ಒಬ್ಬನು, "ಕುಡಿದೇ ಶಾಲೆಯ ಮಕ್ಕಳ ಜೀಪು ಓಡಿಸುತ್ತೇನೆ" ಎಂದುಬಿಟ್ಟರೆ? ಇಪ್ಪತ್ತೈದು ವರ್ಷದ ಹುಡುಗಿ ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕು? ಇದಕ್ಕೆ ಸುಲಭದ ಉತ್ತರವಿಲ್ಲ. ನಮ್ಮ ವಿಚಾರದಲ್ಲಿ, ಮೌನದ ಗಡಿಯನ್ನು ಪ್ರಶ್ನೆಗಿಂತ ಮೊದಲೇ ಹೇಳಬೇಕು: "ನೀವು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಸುಮ್ಮನಿರಲಾರೆ." ಮೊದಲೇ ಹೇಳಿದರೆ ಮೋಸವಿಲ್ಲ. ಅಂಥ ಮಾತು ಬಂದಾಗಲೂ ಮೊದಲು ಅವನೊಂದಿಗೇ ಮಾತಾಡಿ, ಬಳಿಕ ತನ್ನ ಮಾರ್ಗದರ್ಶಕರಿಗೆ ತಿಳಿಸಿ ಮುಂದಿನದನ್ನು ನಿಶ್ಚಯಿಸಬೇಕು, ಊರ ಕಟ್ಟೆಗೆ ಒಯ್ಯಬಾರದು. ಇದರಿಂದ ಕೆಲವರು ಬಾಯಿ ಬಿಡದೆ ಹೋದಾರು, ಲೆಕ್ಕದಲ್ಲಿ ಕೊರತೆ ಬಿದ್ದೀತು. ಆ ನಷ್ಟವನ್ನು ಹೊರಲೇಬೇಕು. ಮಕ್ಕಳ ಜೀವಕ್ಕಿಂತ ಲೆಕ್ಕ ದೊಡ್ಡದಲ್ಲ.

ಲೆಕ್ಕ ಸರಿಯಾಗಿರಬೇಕಾದರೆ ಜನರ ಮಾತೂ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಹಾಳೆಯಲ್ಲಿ 10 ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಎಂದು ಎಣಿಸುತ್ತಾರೆ. ನಮ್ಮವರು ಎಣಿಸುವುದು ಕ್ವಾರ್ಟರಿನಲ್ಲಿ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ. "ಒಂದೇ ತಗೊಳ್ತೀನ್ರಿ" ಎಂದವನದನ್ನು ಒಂದು ಎಂದು ಬರೆದರೆ ಆರರಲ್ಲಿ ಐದು ಮಾಯವಾದಂತೆ. ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ಮನೆಯಲ್ಲಿ ಕನ್ನಡ ಆಡುವ ಮುದುಕ ಹೂಂಗುಟ್ಟಿ ಮುಗಿಸುವುದೂ ಉಂಟು. ಇಲ್ಲಿ ನಮ್ಮ ಗಡಿನಾಡಿನ ಮಕ್ಕಳ ಕೆಲಸವಿದೆ. ಎರಡೂ ಭಾಷೆ ಬಲ್ಲ ಅವರು ಕೇಳಿದರೆ ಬರುವ ಉತ್ತರ ಬೇರೆಯವರಿಗೆ ಬಾರದು.

ಕೇಳಿ ಹೋದವರು ಮರಳಿ ಬರಬೇಕೆಂಬುದೂ ಧರ್ಮವೇ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ ಬಂಗ ಮತ್ತು ರಾಣಿ ಬಂಗ ದಂಪತಿಗಳು ಕುಡಿತದ ಕೇಡನ್ನು ಲೆಕ್ಕ ಹಾಕಿ, ಆ ಲೆಕ್ಕವನ್ನು ಜನರ ಮುಂದೆಯೇ ಇಟ್ಟರು. ಹೆಣ್ಣುಮಕ್ಕಳು ಎದ್ದು ನಿಂತು ಚಳವಳಿಯಾಯಿತು, 1993ರಲ್ಲಿ ಆ ಜಿಲ್ಲೆಯಲ್ಲಿ ಮದ್ಯನಿಷೇಧ ಬಂತು. ನಿಷೇಧದ ನಂತರವೂ ಕಳ್ಳಸೆರೆ ಉಳಿಯಿತು. ಆದ್ದರಿಂದ 2016ರಲ್ಲಿ ಮುಕ್ತಿಪಥ ಎಂಬ ಹೆಸರಿನಿಂದ ಮತ್ತೆ ಹಳ್ಳಿ ಹಳ್ಳಿಗೆ ಹೋಗಬೇಕಾಯಿತು. ಒಂದು ಸಲ ಕೇಳಿ, ಬರೆದು, ಪದವಿ ಪಡೆದು ಹೋದರೆ ಮುಗಿಯುವ ಕೆಲಸ ಇದಲ್ಲ.

ಕೊನೆಗೆ ಅದೇ ಅಳತೆಯನ್ನು ನಮ್ಮ ಕಡೆಗೆ ತಿರುಗಿಸೋಣ. "ನಮ್ಮ ಮನೆತನದಲ್ಲಿ ಯಾರೂ ಮುಟ್ಟುವುದಿಲ್ಲ, ನಾವು ಲಿಂಗವಂತರು" ಎಂದು ಹೇಳಿ ಕಳಿಸುವುದು ಸಮಾಜದಲ್ಲಿ ರೂಢಿಯಾಗಿದೆ. ಒಳಮನೆಯಲ್ಲಿ ಸೊಸೆ ಕಣ್ಣೀರು ಒರೆಸಿಕೊಳ್ಳುತ್ತಿರುತ್ತಾಳೆ, ಹೊರಗೆ ಜಗಲಿಯಲ್ಲಿ ಮಾವ ಇಲ್ಲವೆನ್ನುತ್ತಾನೆ. ಮಗಳ ನೆಂಟಸ್ತನ ಕೆಟ್ಟೀತೆಂಬ ಭಯವೂ ಸುಳ್ಳಲ್ಲ. ಆದರೆ ಈ ಮೌನದಿಂದ ಯಾರಿಗೆ ಉಪಕಾರ? ಸೊಸೆಗಲ್ಲ, ಕುಡಿಯುವ ಮಗನಿಗೂ ಅಲ್ಲ. ಹಾತಭಟ್ಟಿ ಮಾರುವವನಿಗೆ ಮಾತ್ರ. ಮನೆಮನೆಯವರೂ ಇಲ್ಲವೆಂದ ತಾಲೂಕಿಗೆ ವ್ಯಸನದ ವೈದ್ಯರು ಬೇಕೆಂದು ಯಾರು ಬರೆದಾರು?

ನಿಜ ಹೇಳಿದವನಿಗೆ ದಂಡ ಬಿದ್ದರೆ ಮಾರನೆಯ ದಿನದಿಂದ ಯಾರೂ ನಿಜ ಹೇಳುವುದಿಲ್ಲ. ಆದ್ದರಿಂದ ನಮ್ಮ ಮಠಗಳ ಪ್ರಸಾದದ ಪಂಕ್ತಿಯಲ್ಲಿ, ನೆಂಟಸ್ತನದ ಮಾತಿನಲ್ಲಿ, ಚಟವನ್ನು ಒಪ್ಪಿಕೊಂಡು ನೆರವು ಬೇಡಿದವನಿಗೆ ಮುಚ್ಚಿಟ್ಟವನಿಗಿಂತ ಹೆಚ್ಚಿನ ಗೌರವ ಸಿಗಬೇಕು. ಲಿಂಗ ಕಟ್ಟಿಕೊಂಡವನು ಕುಡಿಯಬಾರದೆಂಬುದರಲ್ಲಿ ಎರಡು ಮಾತಿಲ್ಲ. ಕುಡಿದವನು ಲಿಂಗದ ಮುಂದೆಯೂ ಸುಳ್ಳು ಹೇಳಿಕೊಂಡೇ ಇರಬೇಕೆಂದು ಯಾವ ಶರಣರೂ ಹೇಳಿಲ್ಲ.

ಆ ಅಭ್ಯಾಸಿ ಹುಡುಗ ಹುಡುಗಿಯರ ಮೇಲೂ ದಯೆಯಿರಲಿ. ದಿನಕ್ಕೆ ಹತ್ತು ಮನೆಯ ಸಂಕಟ ಕೇಳಿ, ಯಾರಿಗೂ ಹೇಳುವಂತಿಲ್ಲದೆ, ಬಾಡಿಗೆ ಕೋಣೆಗೆ ಮರಳುವವರು ಅವರು. ಮದುವೆಗೆ ಬಂದ ಮಗಳು ಸೆರೆಯಂಗಡಿ ಮುಂದೆ ಏಕೆ ನಿಲ್ಲುತ್ತಾಳೆಂದು ಅವರ ಮನೆಯವರೂ ಮಾತು ಕೇಳಬೇಕಾಗುತ್ತದೆ. ಅಂಥವರು ನಿಮ್ಮ ಬಾಗಿಲಿಗೆ ಬಂದಾಗ ಯಾವ ಸಂಸ್ಥೆಯವರು, ಹಣ ಎಲ್ಲಿಂದ ಬಂತು, ಹೇಳಿದ್ದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿರಿ. ಅದು ನಿಮ್ಮ ಹಕ್ಕು. ಉತ್ತರ ಸರಿಯೆನಿಸಿದರೆ ಕುಡಿಯಲು ನೀರು ಕೊಡಿರಿ, ಮಂದಿಯನ್ನು ಸ್ವಲ್ಪ ಆಚೆ ಕಳಿಸಿರಿ, ಮನೆಯ ಹೆಣ್ಣುಮಕ್ಕಳಿಗೂ ಮಾತಾಡಲು ಎಡೆ ಕೊಡಿರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿರಿ.