ಹಡಗಿನೊಳಗಿನ ಕಬ್ಬಿಣ

ಮನಸ್ಸಾಕ್ಷಿಯನ್ನು ದಿಕ್ಸೂಚಿಗೆ ಹೋಲಿಸುವುದು ನಮ್ಮಲ್ಲಿ ರೂಢಿ. "ಒಳಗಿನ ದನಿ ಹೇಳಿದಂತೆ ನಡೆ, ದಾರಿ ತಪ್ಪುವುದಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಹೋಲಿಕೆ ಚೆನ್ನಾಗಿಯೇ ಇದೆ. ಆದರೆ ದಿಕ್ಸೂಚಿಯ ಬಗ್ಗೆ ಒಂದಿಷ್ಟು ಓದಿದಾಗ, ಹಾಗೆ ಹೇಳುವವರು ಅದರ ಅರ್ಧ ಕಥೆಯನ್ನಷ್ಟೇ ಬಲ್ಲರೇನೋ ಅನ್ನಿಸಿತು.

ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಅದರ ಸೆಳೆತಕ್ಕೆ ಸೂಜಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಉತ್ತರವೂ ಭೂಪಟದ ಉತ್ತರವೂ ಒಂದೇ ಅಲ್ಲ. ಇರಲಿ, ಆ ವ್ಯತ್ಯಾಸವನ್ನು ನಾವಿಕರ ನಕ್ಷೆಯಲ್ಲೇ ಅಚ್ಚು ಹಾಕಿರುತ್ತಾರೆ. ನಿಜವಾದ ತೊಡಕು ಇರುವುದು ಹಡಗಿನೊಳಗೆ.

1801ರಿಂದ 1803ರವರೆಗೆ ಆಸ್ಟ್ರೇಲಿಯಾದ ತೀರವನ್ನು ಅಳೆಯುತ್ತಿದ್ದ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನಾವಿಕ ಒಂದು ವಿಚಿತ್ರ ಗಮನಿಸಿದ. ಹಡಗಿನ ಮೂತಿ ತಿರುಗಿದ ಹಾಗೆಲ್ಲ ಸೂಜಿಯ ಮಾತೂ ಬದಲಾಗುತ್ತಿತ್ತು. ಹಡಗಿನಲ್ಲಿದ್ದ ಕಬ್ಬಿಣ ಅದನ್ನು ತನ್ನ ಕಡೆಗೆ ಎಳೆಯುತ್ತಿತ್ತು. ಮರದ ಹಡಗಿನಲ್ಲೇ ಈ ಪಾಡಾದರೆ, ಇಡೀ ಹಡಗೇ ಕಬ್ಬಿಣವಾದಾಗ? ತಗಡು ಬಡಿದು ಜೋಡಿಸುವಾಗ ಹಡಗು ಯಾವ ದಿಕ್ಕಿಗೆ ಮುಖ ಮಾಡಿರುತ್ತದೋ ಅದಕ್ಕೆ ತಕ್ಕಂತೆ, ಸುತ್ತಿಗೆಯ ಏಟು ತಿನ್ನುತ್ತಾ ಅದೂ ಅಯಸ್ಕಾಂತವಾಗಿಬಿಡುತ್ತದೆ. ಹುಟ್ಟುವಾಗಲೇ ತಿಂದ ಏಟುಗಳು!

1854ರ ಜನವರಿಯಲ್ಲಿ ಟೇಲರ್ ಎಂಬ ಹೊಸ ಕಬ್ಬಿಣದ ಹಡಗು ಲಿವರ್‌ಪೂಲ್‌ನಿಂದ ಮೆಲ್ಬರ್ನ್‌ಗೆ ಹೊರಟಿತು. ದಕ್ಷಿಣಕ್ಕೆ ಹೋಗುತ್ತಿದ್ದೇವೆಂದು ನಂಬಿದ ನಾವಿಕರು ನಿಜವಾಗಿ ಹೋಗುತ್ತಿದ್ದುದು ಪಶ್ಚಿಮಕ್ಕೆ. ಎರಡೇ ದಿನದಲ್ಲಿ ಐರ್ಲೆಂಡಿನ ಲ್ಯಾಂಬೆ ದ್ವೀಪದ ಬಂಡೆಗೆ ಬಡಿಯಿತು. ಸತ್ತವರು 300ಕ್ಕೂ ಹೆಚ್ಚು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಹೆಂಗಸರಲ್ಲಿ ಬದುಕಿದವರು ಮೂವರೇ.

ನನ್ನನ್ನು ಕಾಡುವುದು ಆ ಸೂಜಿ. ಅದು ಸುಳ್ಳು ಹೇಳಲಿಲ್ಲ. ತನ್ನ ಮೇಲಿದ್ದ ಎಲ್ಲ ಸೆಳೆತಗಳಿಗೂ ಪ್ರಾಮಾಣಿಕವಾಗಿ ಓಗೊಟ್ಟಿತು, ಅಷ್ಟೆ.

ಇದನ್ನೆಲ್ಲ ಈಗ ಯೋಚಿಸಲು ಕಾರಣವಿದೆ. ತವರಿನಿಂದ ಅಣ್ಣ ಹಕ್ಕು ಬಿಡುಗಡೆ ಪತ್ರ ಕಳಿಸಿದ್ದಾನೆ. "ನೋಡಮ್ಮಾ, ಒಂದು ಸಹಿ ಹಾಕಿಬಿಡು" ಎಂದು ಫೋನಿನಲ್ಲಿ ಹೇಳಿದ, ಪ್ರೀತಿಯಿಂದಲೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿದ್ದು ನನಗೆ ಗೊತ್ತು. ಆದರೂ ಮನಸ್ಸು "ಹಾಕು, ತವರಿನದನ್ನು ಕೇಳಬಾರದು" ಎನ್ನುತ್ತದೆ. ಇದು ಆಸೆಯಲ್ಲ, ಹೆದರಿಕೆಯೂ ಅಲ್ಲ. ಶುದ್ಧ ಮನಸ್ಸಾಕ್ಷಿಯಂತೆಯೇ ಕೇಳಿಸುತ್ತದೆ. ನಿಮ್ಮಲ್ಲೂ ಹಲವರಿಗೆ ಈ ದನಿಯ ಪರಿಚಯವಿರಬಹುದು. ಇದು ಉತ್ತರದ ಸೆಳೆತವೋ, "ಹೆಣ್ಣು ಕೊಟ್ಟ ಮನೆಗೆ ಹೊರಗು" ಎಂದು ಚಿಕ್ಕಂದಿನಿಂದ ಬಡಿದ ಸುತ್ತಿಗೆಯ ಸೆಳೆತವೋ?

ಹಾಗೆಂದು ಕಬ್ಬಿಣವನ್ನು ಕಿತ್ತೆಸೆಯಲಾಗದು, ಅದಿಲ್ಲದೆ ಹಡಗೇ ಇಲ್ಲ. ಅಣ್ಣನ ಮೇಲಿನ ಮಮತೆಯೂ ಅಲ್ಲೇ ಬೆಸೆದುಕೊಂಡಿದೆ. ಸೂಜಿಯನ್ನು ಎಸೆದರಂತೂ ಏನೂ ಉಳಿಯುವುದಿಲ್ಲ. ನಾವಿಕರು ಎರಡನ್ನೂ ಎಸೆಯಲಿಲ್ಲ. 1838ರಲ್ಲಿ ಜಾರ್ಜ್ ಏರಿ ಎಂಬ ಖಗೋಳ ವಿಜ್ಞಾನಿ ರೇನ್‌ಬೋ ಎಂಬ ಕಬ್ಬಿಣದ ಹಡಗಿನಲ್ಲಿ ಪರೀಕ್ಷೆ ಮಾಡಿ, ದಿಕ್ಸೂಚಿಯ ಸುತ್ತ ಬೇರೆ ಅಯಸ್ಕಾಂತಗಳನ್ನಿಟ್ಟು ತಪ್ಪನ್ನು ತಗ್ಗಿಸಿದ. ವಿಲಿಯಂ ಸ್ಕೋರ್ಸ್‌ಬಿ, ಒಂದು ದಿಕ್ಸೂಚಿಯನ್ನು ಕಬ್ಬಿಣದಿಂದ ದೂರ, ಹಾಯಿಕಂಬದ ತುದಿಯಲ್ಲಿಡಿ ಎಂದ. ಇಂದಿಗೂ ನಾವಿಕರು ಹಡಗನ್ನು ಒಂದು ಸುತ್ತು ತಿರುಗಿಸಿ, ಯಾವ ದಿಕ್ಕಿಗೆ ಮುಖ ಮಾಡಿದಾಗ ಸೂಜಿ ಎಷ್ಟು ವಾಲುತ್ತದೆಂದು ಪಟ್ಟಿ ಬರೆದಿಡುತ್ತಾರೆ. ಪಟ್ಟಿ ಹಳತಾದರೆ ಮತ್ತೆ ತಿರುಗಿಸಬೇಕು.

ನಾನೂ ತಿರುಗಿಸಿ ನೋಡುತ್ತಿದ್ದೇನೆ. ನನ್ನ ಜಾಗದಲ್ಲಿ ಮಗಳಿದ್ದರೆ "ಸಹಿ ಹಾಕು" ಎನ್ನುತ್ತಿದ್ದೆನೇ? ಇಲ್ಲ, ಖಂಡಿತ ಇಲ್ಲ. ಸಹಿ ಹಾಕಬೇಕಾದವನು ಅಣ್ಣನಾಗಿದ್ದರೆ, ಅವನ ಒಳದನಿ ಇಷ್ಟು ಬೇಗ ಒಪ್ಪುತ್ತಿತ್ತೇ? ಅಣ್ಣನಿಗೆ ಕಷ್ಟವಿದ್ದರೆ? ಅಲ್ಲಿ ಸೂಜಿ ಇನ್ನೊಂದು ಕಡೆಗೆ ವಾಲಿತು. ನೋಡಬೇಕಾದ ದಿಕ್ಕುಗಳು ಇನ್ನೂ ಉಳಿದಿವೆ. ದೀಪಾವಳಿ ಕಳೆಯಲಿ ಎಂದು ಅವನಿಗೆ ಹೇಳಿದ್ದೇನೆ.